ಅರ್ಜಿಗೆ ಇವತ್ತೇ ಕಡೆಯ ದಿನ

ಸುಪ್ರಿಯಾ,

ಗಂಜಿ ಒಲೆಯ ಮೇಲಿದೆ, ಉಂಡು ಹೋಗು. ಹೋಗುವುದು ಕುಮಟೆಯ ಕಂಪ್ಯೂಟರ್ ಅಂಗಡಿಗೆ, ನಿನ್ನ ಪಿಎಚ್‌ಡಿ ಅರ್ಜಿ ಹಾಕಲಿಕ್ಕೆ.

ತಾರೀಕು ಮುಗಿದುಹೋಯಿತು ಎಂದು ಮೊನ್ನೆ ಹೇಳಿದೆಯಲ್ಲ, ಆ ಅರ್ಜಿಯ ಕಾಗದ ನಿನ್ನೆ ನಿನ್ನ ಹಾಸಿಗೆ ಮಡಚುವಾಗ ಸಿಕ್ಕಿತು. ಪ್ರಾಣಿಶಾಸ್ತ್ರ ವಿಭಾಗ, ಕಡೆಯ ದಿನ ಇವತ್ತು, ಸಂಜೆ ಐದು ಗಂಟೆ. ಎರಡೆರಡು ಸಲ ಓದಿದೆ. ರಾತ್ರಿ ಶಾಲೆಯಲ್ಲಿ ನನಗೆ ಅಕ್ಷರ ಕಲಿಸಿದವಳು ನೀನೇ. ಅತ್ತೆಗೆ ಸುಳ್ಳು ಹೇಳುವಾಗ ಅದು ಮರೆತುಹೋಯಿತೆ?

ಅಂಕಪಟ್ಟಿಗಳು ಸಂಜಯನ ಪೆಟ್ಟಿಗೆಯಲ್ಲಿವೆ, ಬೀಗ ತೆಗೆದಿಟ್ಟಿದ್ದೇನೆ. ಮಗ ತೀರಿಕೊಂಡು ಮೂರು ವರ್ಷವಾಯಿತು. ಅವನ ಅಂಗಿ ನೋಡುತ್ತ ಕೂರಬೇಡ, ಹತ್ತೂವರೆಯ ಬಸ್ಸು ತಪ್ಪುತ್ತದೆ.

ನಿನ್ನೆ ಆಚೆಮನೆ ದುರ್ಗಿ ಕೇಳಿದಳು, "ಸೊಸೆನೂ ಹೋದ್ರೆ ನೀ ಒಬ್ಳೇ ಎಂತ ಮಾಡ್ತೆ?"

"ಹೊಳೆಲಿ ಬಳಚು ಆರಿಸ್ತೆ. ಅವ್ಳು ಆ ಚಿಪ್ಪಿಮೀನಿನ ಮೇಲೇ ಪುಸ್ತಕ ಬರೀತಾಳಂತೆ, ನಾ ಆರಿಸ್ದೇ ಇದ್ರೆ ಹೆಂಗೆ?" ಅಂದೆ. ದುರ್ಗಿ ನಕ್ಕಳು. ನಾನೂ ನಕ್ಕೆ.

ಕಳೆದ ವಾರ ನೀನು ತವರಿಗೆ ಹೋದಾಗ ಒಬ್ಬಳೇ ಇದ್ದು ನೋಡಿದೆ. ಎರಡು ತಟ್ಟೆ ತೊಳೆದಿಟ್ಟು, ಒಂದನ್ನು ಮತ್ತೆ ಒಳಗಿಟ್ಟೆ. ಊಟ ಸೇರಲಿಲ್ಲ, ಆದರೆ ಉಂಡೆ. ರೂಢಿಯಾಗುತ್ತದೆ.

ಹೊಳೆಯ ನೀರು ಇಳಿದಿದೆ, ಬಳಚು ಆರಿಸಲಿಕ್ಕೆ ಹೊರಟೆ. ನೀನು ಏಳುವವರೆಗೆ ನಾನಿಲ್ಲಿ ನಿಂತರೆ, ನನ್ನ ಮುಖ ನೋಡಿ ನೀನು ಮತ್ತೆ ಕೂತುಬಿಡುತ್ತೀಯ.

ಅರ್ಜಿ ಹಾಕಿದ ರಸೀದಿಯನ್ನು ಸಂಜೆ ನನ್ನ ಕೈಗೆ ಕೊಡು. ಬಾಯಲ್ಲಿ ಹೇಳಬೇಡ. ನಾನೇ ಓದುತ್ತೇನೆ.

ಅತ್ತೆ