ಹತ್ತರಗಿಯ ದೀಪಾ ಈ ಕಡೆ ತಿರುಗಿ ಹಾಡಿದ್ದು

ಗೋಕಾಕ
೧೭ ನವೆಂಬರ್ ೨೦೨೫

ಪ್ರೀತಿಯ ದಾಕ್ಷಾ,

ಹುಕ್ಕೇರಿಯಲ್ಲಿ ನೀನು, ನಿಮ್ಮ ಮನೆಯವರು, ಅತ್ತೆಯವರು ಎಲ್ಲ ಆರಾಮ ಇದ್ದೀರೆಂದು ತಿಳಿದಿದ್ದೇನೆ. ದಿನಾ ಫೋನಿನಲ್ಲಿ ಮಾತಾಡುವ ಅವ್ವ ಕಾಗದ ಯಾಕೆ ಬರೆದಳೆಂದು ಹೆದರಬೇಡ. ಫೋನಿನಲ್ಲಾದರೆ ನೀನು ನಡುವೆಯೇ ಬೈಯಲು ಶುರು ಮಾಡುತ್ತೀ. ಕಾಗದವನ್ನು ಕೊನೆತನಕ ಓದಲೇಬೇಕು.

ಬ್ಲೌಸ್ ಹೊಲಿಯುವಾಗ ಫೋನಿನಲ್ಲಿ ಹಳೆಯ ಸಿನಿಮಾ ಹಾಡು ಹಚ್ಚಿಕೊಳ್ಳುತ್ತೇನಲ್ಲ, ದಸರೆಯ ಹೊತ್ತಿಗೆ ಒಂದು ಹಾಡು ಮುಗಿದು ತಾನಾಗಿಯೇ ಇನ್ನೊಂದು ಬಂತು. ಹಾಡು ನನಗೆ ಗೊತ್ತಿದ್ದದ್ದೇ, ದನಿ ಬೇರೆ. ನೋಡಿದರೆ ಗಂಡ-ಹೆಂಡತಿಯ ವಿಡಿಯೊ; ಗಂಡ ಹಾರ್ಮೋನಿಯಂ ನುಡಿಸುತ್ತಿದ್ದ. ಹೆಂಡತಿ ನಮಗೆ ಬೆನ್ನು ಮಾಡಿ, ಗೋಡೆಯತ್ತ ತಿರುಗಿ ಹಾಡುತ್ತಿದ್ದಳು. ಅದೇನು ದನಿ ಅಂತೀ! ಕೇಳುತ್ತ ಕೇಳುತ್ತ ಬ್ಲೌಸಿನ ಎಡಗಡೆಯ ತೋಳನ್ನು ಬಲಕ್ಕೆ ಹಚ್ಚಿಬಿಟ್ಟೆ. ಹತ್ತರಗಿಯ ಸಿದ್ರಾಮ ಮತ್ತು ದೀಪಾ ಅಂತ ಅವರ ಹೆಸರು. ಆತ ಹೆದ್ದಾರಿಯ ಬಾಜೂ ಲಾರಿಗಳಿಗೆ ಬಣ್ಣ ಹಚ್ಚುತ್ತಾನೆ. ಅವರು ಹಾಕಿದ್ದ ಹಾಡುಗಳನ್ನೆಲ್ಲ ಕೇಳಿದೆ. ಒಂದೊಂದರ ಕೆಳಗೂ ಮೆಚ್ಚಿ ಬರೆದೆ.

ಹೋದ ವಾರ ಸಿದ್ರಾಮ ಹಾಡು ಮುಗಿಸಿ, ಇದೇ ನಮ್ಮ ಕೊನೆಯ ಹಾಡು ಎಂದ. ನನಗೆ ತಡೆಯಲಾಗಲಿಲ್ಲ. ನಂಬರ್ ಕಳಿಸಿ ಫೋನ್ ಮಾಡಲು ಹೇಳಿದೆ, ಆತ ಮಾಡಿದ.

"ನಮ್ಮವ್ವಗ ಗೊತ್ತಿಲ್ರಿ ಅಕ್ಕಾರ. ಸೊಸಿ ಫೋನಿನ ಮುಂದ ಕುಣ್ಯಾಕತ್ತಾಳಂತ ಊರಾಗ ಮಂದಿ ಆಡಾಕತ್ತಾರ. ಅವ್ವನ ಕಿವಿಗೆ ಬೀಳೂದರಾಗ ಬಂದ್ ಮಾಡಿಬಿಡ್ತೀವಿ," ಅಂದ. ಹಿಂದೆ ದೀಪಾ ಅಳುವುದು ಕೇಳಿಸಿತು.

ನಾನು ಬಂದು ನಿಮ್ಮ ಅವ್ವನ ಹತ್ತಿರ ಮಾತಾಡಲಾ ಅಂತ ಕೇಳಿದೆ. ದೀಪಾಳನ್ನು ಕೇಳಿ, ಬರ್ರಿ ಅಂದ. ನಿನ್ನೆ ಹೋದೆ. ಯಮಕನಮರಡಿಯಲ್ಲಿ ಬಸ್ ಬದಲಿಸಿ, ಒಬ್ಬಳೇ.

ಸಿದ್ರಾಮನ ಅವ್ವ ಸಾತವ್ವ ಅಂಗಳದಲ್ಲಿ ಕುಳಿತು ಬಳ್ಳಿಯಿಂದ ಶೇಂಗಾ ಬಿಡಿಸುತ್ತಿದ್ದಳು. ನಾನೂ ಕುಳಿತು ಬಿಡಿಸತೊಡಗಿದೆ. ದೀಪಾ ಚಹಾ ತಂದಿಟ್ಟು ಬಾಗಿಲಲ್ಲೇ ನಿಂತಳು. ಮಾತು ಹೇಗೆ ತೆಗೆಯಬೇಕೋ ತಿಳಿಯದೆ ನೇರವಾಗಿ ಹೇಳಿಬಿಟ್ಟೆ, ನಿಮ್ಮ ಸೊಸೆ ಹಾಡು ಹೇಳಿ ಫೋನಿನಲ್ಲಿ ಹಾಕುತ್ತಾಳೆ, ನಾನು ಅದನ್ನು ಕೇಳಿಯೇ ಬಂದೆ ಅಂತ. ಕೇಳಿಸಲು ಫೋನ್ ತೆಗೆದೆ.

ಸಾತವ್ವ ಅದನ್ನು ಸರಿಸಿ, "ಮನ್ಯಾಗ ಮನಷ್ಯಾ ಇರೂವಾಗ ಡಬ್ಬಿ ಯಾಕ? ಇಲ್ಲೇ ಹಾಡಲಿ," ಅಂದಳು.

ದೀಪಾಳ ದನಿ ಮೊದಲ ಸಾಲಿನಲ್ಲೇ ಒಡೆಯಿತು. ಸಿದ್ರಾಮ ಹಾರ್ಮೋನಿಯಂ ತಂದು ಸ್ವರ ಹಿಡಿದ. ಎರಡನೇ ಸಾಲಿಗೆ ಹುಡುಗಿಯ ದನಿ ಎದ್ದು ನಿಂತಿತು ನೋಡು! ಬಾಜೂ ಮನೆಯವರೂ ಬಂದು ನಿಂತರು. ಸಾತವ್ವ ಮಾತ್ರ ತಲೆ ಎತ್ತದೆ ಶೇಂಗಾ ಬಿಡಿಸುತ್ತಿದ್ದಳು.

ಹಾಡು ಮುಗಿದ ಮೇಲೆ ಸಾತವ್ವ, "ಚಲೋ ಹಾಡ್ತೀ. ಗ್ವಾಡಿಗೆ ಮಾರಿ ಮಾಡಿ ಯಾಕ ಕುಂದರ್ತೀ?" ಅಂದಳು.

ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಗೋಡೆಯ ವಿಷಯ ಇವಳಿಗೆ ಹೇಗೆ ಗೊತ್ತು?

"ಎಲ್ಲಾ ನೋಡೇನಿ. ಹೊಲದಾಗ ಹೆಣ್ಣಮಕ್ಕಳು ಹಚ್ಚಿಕೊಂಡು ಕೇಳ್ತಾರ. ಊರಿಗೆಲ್ಲಾ ಹಾಡಿದ್ರಿ, ನನಗ ಒಂದ ಮಾತು ಹೇಳಲಿಲ್ಲ. ಅದಕ್ಕ ಸಿಟ್ಟು ನನಗ," ಅಂದಳು. ದೀಪಾ ಓಡಿ ಹೋಗಿ ಅತ್ತೆಯ ಹೆಗಲಿಗೆ ಮುಖ ಹಚ್ಚಿದಳು. ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ.

ಸಂಜೆ ಅದೇ ಅಂಗಳದಲ್ಲಿ ಹೊಸ ಹಾಡನ್ನು ಫೋನಿನಲ್ಲಿ ಹಿಡಿದರು. ದೀಪಾ ನಮ್ಮತ್ತ ಮುಖ ಮಾಡಿ ಹಾಡಿದಳು. ಸಾತವ್ವ ಹೊಸ ಸೀರೆ ಉಟ್ಟು ಬಾಜೂ ಕುಳಿತಳು. ರೊಟ್ಟಿ, ಶೇಂಗಾ ಚಟ್ನಿ ಉಂಡು, ಕಡೆಯ ಬಸ್ಸಿಗೆ ಬಂದೆ. ಇಷ್ಟು ನಕ್ಕು ಎಷ್ಟು ದಿನವಾಗಿತ್ತೋ.

ನಿನ್ನ ಅವ್ವ,
ಅನ್ನಪೂರ್ಣಾ

ತಾ.ಕ.: ಆ ಹೊಸ ಹಾಡಿನ ಎರಡನೇ ಚರಣದಲ್ಲಿ ಇನ್ನೊಂದು ಹೆಣ್ಣು ದನಿ ಬರುತ್ತದೆ. ಅದು ನಾನೇ. ಸಾತವ್ವ ಬಿಡಲೇ ಇಲ್ಲ, ನಾನೂ ಬಹಳ ಬೇಡ ಅನ್ನಲಿಲ್ಲ. ಬರುವ ರವಿವಾರ ಮತ್ತೆ ಹೋಗುತ್ತೇನೆ. ನಿಮ್ಮ ಅತ್ತೆಯವರಿಗೆ ಹಾಡು ಕೇಳಿಸು, ದನಿ ಯಾರದೆಂದು ಆಮೇಲೆ ಹೇಳು.