ತಮ್ಮನಿಗಾಗಿ ಮಾಡಿದ ಪ್ರಾರ್ಥನೆ

ಪ್ರಭುವಿನಲ್ಲಿ ಪ್ರಿಯರಾದ ಸಮಸ್ತ ಭಕ್ತಾದಿಗಳೇ, ಮುಂದಿನ ಬೆಂಚಿನ ಮಾನ್ಯರೇ, ಹಿಂದಿನ ಬೆಂಚಿನ ಸಾಮಾನ್ಯರೇ, ಬಾಗಿಲಲ್ಲೇ ನಿಂತು ಮನೆಗೆ ಹೋಗಲು ಕಾಯುವ ಧನ್ಯರೇ, ದಯವಿಟ್ಟು ಎದ್ದು ನಿಲ್ಲಿ. ಈಗ ನನ್ನ ತಮ್ಮನಿಗಾಗಿ ಪ್ರಾರ್ಥಿಸೋಣ.

ಪ್ರೀತಿಯ ಕಿಶೋರ,

ಮೇಲೆ ಬರೆದ ಹಾಗಲ್ಲದೆ ಬೇರೆ ರೀತಿ ಶುರು ಮಾಡಲು ನನಗೆ ಬರುವುದಿಲ್ಲ. ಯಲ್ಲಾಪುರದಲ್ಲಿ ಝೆರಾಕ್ಸ್ ಅಂಗಡಿ ಇಟ್ಟುಕೊಂಡು ಮದುವೆ ಕಾರ್ಡಿಗೂ ಶ್ರದ್ಧಾಂಜಲಿ ಫ್ಲೆಕ್ಸಿಗೂ ಒಂದೇ ಪೆನ್ನಿನಲ್ಲಿ ಪ್ರಾಸ ಹೊಂದಿಸುವವನು ನಾನು. ಈಗ ಅರಬೈಲ್ ಘಟ್ಟದಲ್ಲಿ, ತುಷಾರನ ಚಹಾದಂಗಡಿಯ ಒಳಗೆ ಕುಳಿತು ಬರೆಯುತ್ತಿದ್ದೇನೆ. ನಿನ್ನ ವ್ಯಾನಿನ ಬೆನ್ನು ಕಾಣುತ್ತಿದೆ. ಬೆಳಿಗ್ಗೆಯಿಂದ ಮೂತಿಯನ್ನು ಇಳಿಜಾರಿಗೆ ಮಾಡಿ ನಿಂತಿದೆಯಂತೆ. ಎಂಜಿನ್ ಆರಿಲ್ಲ, ನೀನು ಇಳಿದಿಲ್ಲ.

"ಅಣ್ಣನ ಮುಖ ಕಂಡ್ರೆ ಬ್ರೇಕ್ ಬಿಡ್ತೆ ಹೇಳ್ದ. ನೀ ಎದ್ರಿಗೆ ಹೋಗಡ ಮಾರಾಯ. ಎಂತಾರು ಬರ್ದು ಕೊಡು, ಆನು ಕಿಟಕಿಲಿ ಕೊಡ್ತೆ" ಎಂದ ತುಷಾರ. ಅದಕ್ಕೇ ಈ ಕಾಗದ.

ಆ ಶನಿವಾರ ನೀನು ಅಂಗಡಿಗೆ ಬಂದು ಗಿರಾಕಿಗಳೆದುರು ಹೇಳಿದೆ: "ಅಣ್ಣಾ, ಸತ್ತವ್ರಿಗೆ ಪದ್ಯ ಬರ್ದು ಬರ್ದು ನಿನ್ ಮುಖಾನೂ ಫ್ಲೆಕ್ಸ್ ಥರ ಆಗಿದೆ. ಹಾರ ಒಂದ್ ಬಾಕಿ." ಎಲ್ಲರೂ ನಕ್ಕರು. ನಾನೂ ನಕ್ಕೆ. ನಗು ತುಟಿಯಲ್ಲಿತ್ತು, ಸಿಟ್ಟು ಹೊಟ್ಟೆಯಲ್ಲಿತ್ತು.

ಮರುದಿನ ಇಗರ್ಜಿಯಲ್ಲಿ ಫಾದರ್, ನಮ್ಮ ವಿಷಯ ತಿಳಿಯದೆಯೇ, ಅಂಥ ಮಾತನ್ನೇ ಪ್ರಸಂಗಕ್ಕೆ ಎತ್ತಿಕೊಂಡರು. ಕೊಲೆ ಕೈಯಿಂದ ಶುರುವಾಗುವುದಿಲ್ಲ, ಬಾಯಿಂದ ಶುರುವಾಗುತ್ತದೆ ಎಂದರು. ಒಡಹುಟ್ಟಿದವನನ್ನು ಕೆಲಸಕ್ಕೆ ಬಾರದವನೆಂದು ಹೀಗಳೆದವನೂ ದೇವರೆದುರು ಕೊಲೆಗಡುಕನ ಸಾಲಿನಲ್ಲೇ ನಿಲ್ಲಬೇಕು, ಮನಸ್ತಾಪವಿದ್ದರೆ ಕಾಣಿಕೆಯನ್ನು ಬಲಿಪೀಠದ ಮುಂದೆಯೇ ಬಿಟ್ಟು ಮೊದಲು ಹೋಗಿ ರಾಜಿಯಾಗಿ ಬನ್ನಿ ಎಂದರು. ನಾನು ತಲೆಯಾಡಿಸಿ ಕೇಳಿದೆ. ಆಮೇಲೆ ಎದ್ದು, ಪ್ರತಿ ವಾರದಂತೆ, ಸಭೆಯ ಪರವಾಗಿ ಕೋರಿಕೆಗಳನ್ನು ಓದಲು ಮೈಕಿನ ಮುಂದೆ ನಿಂತೆ. ರೋಗಿಗಳಿಗಾಗಿ ಓದಿದೆ, ಮಳೆಗಾಗಿ ಓದಿದೆ. ಚೀಟಿಯಲ್ಲಿ ಇಲ್ಲದ್ದೊಂದನ್ನೂ ಓದಿದೆ: "ಬೆಳಗಾದರೆ ಬಾಟಲಿ ಹಿಡಿಯುವ ಕೈ, ಶಾಲೆಯ ಮಕ್ಕಳ ಗಾಡಿ ನಡೆಸುವ ಕೈ, ನಮ್ಮ ನಡುವಿನ ಆ ಸಹೋದರನ ಕೈ ನಡುಗದಿರಲೆಂದು ಪ್ರಾರ್ಥಿಸೋಣ."

ಇಡೀ ಸಭೆ "ಪ್ರಭುವೇ, ನಮ್ಮ ಮೊರೆ ಆಲಿಸು" ಎಂದಿತು. ನೀನೂ ಎಂದೆ, ಕಿಶೋರ. ಮೂರನೆಯ ಬೆಂಚಿನಿಂದ ನಿನ್ನ ದನಿ ಬೇರೆಯಾಗಿಯೇ ಕೇಳಿಸಿತು. ನಮ್ಮಲ್ಲಿ ಮಕ್ಕಳ ಗಾಡಿ ಓಡಿಸುವವನು ನೀನೊಬ್ಬನೇ ಎಂದು ನಿನಗೆ ಹೊಳೆದದ್ದು ಆಮೇಲೆ, ಜನ ಒಬ್ಬೊಬ್ಬರಾಗಿ ತಿರುಗಿ ನೋಡಿದಾಗ.

ಸೋಮವಾರ ನಿನ್ನ ವ್ಯಾನಿಗೆ ಇಬ್ಬರು ಮಕ್ಕಳು ಬಂದರು. ಗುರುವಾರ ಯಾರೂ ಬರಲಿಲ್ಲ. ಆ ಸಂಜೆ ನೀನು ನನ್ನ ಅಂಗಡಿಯ ಕೌಂಟರಿನ ಮೇಲೆ ಬಾಗಿ, ನನ್ನ ಮುಖಕ್ಕೆ ಉಸಿರು ಬಿಟ್ಟು, "ಮೂಸಿ ನೋಡು. ನೋಡಿ ಊರಿಗೆ ಹೇಳು" ಎಂದೆ. ನನಗೆ ನೆಗಡಿ, ವಾಸನೆ ತಿಳಿಯುವುದಿಲ್ಲ ಎಂದೆ ನಾನು. ಝೆರಾಕ್ಸಿಗೆ ನಿಂತವರು ಅದಕ್ಕೂ ನಕ್ಕರು. ನೀನು ಬೆನ್ನು ತಿರುಗಿಸಿ ವ್ಯಾನಿಗೆ ಹೋಗಿ ಕೂತೆ. ಬೈದಿದ್ದರೆ ಚೆನ್ನಾಗಿತ್ತು.

ನಿನ್ನ ಹೆಂಡತಿ ಕಾವ್ಯಶ್ರೀ ಬಂದು, "ಭಾವ, ಇವ್ರು ಉಣ್ಣೋದು ಬಿಟ್ಟಿದಾರೆ. ಕೀ ಹಾಕಿ ವ್ಯಾನಲ್ಲೇ ಕೂತಿರ್ತಾರೆ. ಒಂದ್ ಮಾತು ಹೇಳಿ" ಎಂದಳು. ಒಳಿತಿಗಾಗಿಯೇ ಪ್ರಾರ್ಥಿಸಿದೆ, ಪ್ರಾರ್ಥನೆಯಿಂದ ಯಾರಿಗೆ ಕೇಡಾಗಿದೆ ಹೇಳಮ್ಮ ಎಂದೆ. ಫಾದರಿಗೂ ಅದನ್ನೇ ಹೇಳಿದೆ. ಹೇಳಿ ಹೇಳಿ ನನಗೇ ನಂಬಿಕೆ ಬರತೊಡಗಿತ್ತು.

ಈಗಷ್ಟೇ ನಿನ್ನ ವ್ಯಾನು ಒಂದು ಗೇಣು ಮುಂದೆ ಸರಿಯಿತು. ಹಿಂದಿನ ಕೆಂಪು ದೀಪ ಆರಿತು, ಹತ್ತಿತು. ತಿರುವಿನಾಚೆ ಬರೀ ಮಂಜು. ತುಷಾರ ಕಾಗದಕ್ಕೆ ಕೈ ಚಾಚಿ ನಿಂತಿದ್ದಾನೆ.

ನೀನು ಕುಡಿದಿರಲಿಲ್ಲ. ಬಿಟ್ಟು ನಾಲ್ಕು ವರ್ಷವಾಯಿತೆಂದು ನನಗೆ ಗೊತ್ತಿತ್ತು. ಮೈಕಿನ ಮುಂದೆ ನಿಂತಾಗಲೂ ಗೊತ್ತಿತ್ತು. ನಿನ್ನ ಮುಖಕ್ಕೆ ಮಸಿ ಬಳಿಯಬೇಕಿತ್ತು, ಬಳಿದೆ. ಕೆಳಗೆ ಸಹಿ ಹಾಕಿದ್ದೇನೆ. ಈ ಕಾಗದವನ್ನು ಫಾದರಿಗೆ ಕೊಡು, ಮಕ್ಕಳ ತಂದೆತಾಯಿಗೆ ತೋರಿಸು. ತೋರಿಸಲಿಕ್ಕಾದರೂ ಗಾಡಿ ತಿರುಗಿಸಿಕೊಂಡು ಊರಿಗೆ ಬಾ.

ದೇವರು ನಿನ್ನ ಕಾಲನ್ನು ಬ್ರೇಕಿನ ಮೇಲೆಯೇ ಇರಿಸಲಿ.

ನಿನ್ನ ಅಣ್ಣ,
ವಿನೋದ