ಗವರ್ನರಿಗೆ ತೋರಿಸದ ನೀರು

ಮಿಲ್‌ಬ್ರೂಕ್, ಟ್ರೇಲರ್ ಮನೆ ನಂಬರ್ ೩೧
೨೦೦೨ ಮಾರ್ಚ್ ೨೪, ಗರಿಗಳ ಭಾನುವಾರ

ಪ್ರೀತಿಯ ತಿಲಾ,

ಹೇಗಿದ್ದೀ? ನಿನ್ನಮ್ಮನ ಸೊಂಟ ಹೇಗಿದೆ, ಗೋಡೆ ಹಿಡಿದಾದರೂ ಎದ್ದು ನಿಲ್ಲುತ್ತಾರೆಯೇ? ನಿನ್ನ ಕೈಯ ಸೂಪಿಗೆ ಉಪ್ಪು ಜಾಸ್ತಿಯಾಯಿತೆಂದು ಬೈಯುವಷ್ಟು ಚೇತರಿಸಿಕೊಂಡಿದ್ದಾರೆ ಎಂದು ನಿನ್ನಕ್ಕ ಹೇಳಿದಾಗ ನನಗೆ ನೆಮ್ಮದಿಯಾಯಿತು. ಅವರು ಬೈಯುವುದನ್ನು ನಿಲ್ಲಿಸಿದ ದಿನ ನಾವು ಹೆದರಬೇಕು. ಆ ಬೆಟ್ಟದ ಚಳಿಯಲ್ಲಿ ಬರಿಗಾಲಲ್ಲಿ ಓಡಾಡಬೇಡ. ನಿನ್ನ ಉಣ್ಣೆಯ ಕಾಲುಚೀಲ ಇಲ್ಲೇ ಡ್ರಾಯರಿನಲ್ಲಿ ಬಿದ್ದಿದೆ, ನಿಕಾನೋರನ ಕೈಲಿ ಈ ಕಾಗದದ ಜೊತೆ ಕಳಿಸುತ್ತಿದ್ದೇನೆ. ಈಸ್ಟರಿನ ಪವಿತ್ರ ವಾರಕ್ಕೆಂದು ಅವನು ಊರಿಗೆ ಹೊರಟಿದ್ದಾನೆ. ಇಲ್ಲಿ ನಮ್ಮ ಮಗಳು ಯೆಸೇನಿಯಾ ಚೆನ್ನಾಗಿದ್ದಾಳೆ. ಅವಳ ಮಗು ಇತ್ಸೆಲ್‌ಗೆ ಎರಡು ಹಲ್ಲು ಬಂದಿವೆ, ಮೊನ್ನೆ ನನ್ನ ಬೆರಳು ಕಚ್ಚಿ ನಕ್ಕಳು. ಪುಟ್ಟಿಯ ಮೊಣಕೈ ಸಂದಿನ ಕೆಂಪು ಗುಳ್ಳೆ ಮಾತ್ರ ಹೋಗಿಲ್ಲ. ಸ್ನಾನ ಮಾಡಿಸಿದ ದಿನ ಜಾಸ್ತಿ, ಬಿಟ್ಟ ದಿನ ಕಡಿಮೆ, ನೀನು ಹೇಳುತ್ತಿದ್ದಂತೆಯೇ.

ಫೋನು ಮಾಡುವುದು ಬಿಟ್ಟು ಇವನು ಕಾಗದ ಯಾಕೆ ಬರೆದ ಎಂದು ಗಾಬರಿಯಾಗಬೇಡ. ಯಾರೂ ಸತ್ತಿಲ್ಲ. ನಿಮ್ಮೂರಿನ ಅಂಗಡಿ ಫೋನಿನಲ್ಲಿ ಮಾತಾಡಿದರೆ ನಿನ್ನಕ್ಕ ಪಕ್ಕದಲ್ಲೇ ಕಿವಿ ಕೊಟ್ಟು ನಿಂತಿರುತ್ತಾಳೆ. ಅದೂ ಅಲ್ಲದೆ ಈ ವಿಷಯ ನನ್ನ ಬಾಯಲ್ಲಿ ಬರುವುದಿಲ್ಲ. ಎರಡು ಸಲ ಹೇಳಲು ಹೋಗಿ ಹವಾಮಾನ ಹೇಳಿ ಇಟ್ಟುಬಿಟ್ಟೆ.

ನಮ್ಮ ಹಿಸ್ಪ್ಯಾನಿಕ್ ಜನರ ಕಷ್ಟಸುಖ ಕೇಳಲೆಂದು ಗವರ್ನರು ಸಲಹಾ ಮಂಡಳಿ ಮಾಡಿದ್ದು, ಅದಕ್ಕೆ ಮಿಲ್‌ಬ್ರೂಕ್‌ನಿಂದ ನಾನು ಹೋಗುತ್ತಿರುವುದು, ಇದೆಲ್ಲ ಜನವರಿಯಲ್ಲೇ ನಿನಗೆ ಹೇಳಿದ್ದೆ. ಆಗ ನೀನು ಪಟ್ಟ ಸಂತೋಷ ನನಗೆ ಇವತ್ತಿಗೂ ಚುಚ್ಚುತ್ತದೆ. "ಹೋಗು ಮುದುಕಾ, ಹೋಗಿ ಹೇಳಬೇಕಾದ್ದು ಹೇಳು. ಜನವರಿ ಬಾಟಲಿ ತಗೊಂಡು ಹೋಗು, ಅದರಲ್ಲಿ ಚೆನ್ನಾಗಿ ಕೆಸರು ಕೂತಿದೆ" ಎಂದೆ. ಕಳೆದ ಮಾರ್ಚಿನಿಂದ ಪ್ರತಿ ತಿಂಗಳ ಒಂದನೇ ತಾರೀಖು ನಲ್ಲಿಯ ಕೆಳಗೆ ಗಾಜಿನ ಬಾಟಲಿ ಹಿಡಿದು, ತಾರೀಖಿನ ಚೀಟಿ ಅಂಟಿಸಿ, ಅಡಿಗೆಮನೆ ಕಿಟಕಿಯಲ್ಲಿ ಸಾಲಾಗಿ ಇಡುತ್ತಿದ್ದವಳು ನೀನು. ಇದೇನು ಹುಚ್ಚು, ಮನೆ ನೋಡಿದವರು ಏನಂದುಕೊಂಡಾರು ಎಂದು ಗೊಣಗುತ್ತಿದ್ದವನು ನಾನು. ಪೈಪು ಸರಿಯಾಗಿಯೇ ಇದೆ, ನಿಮ್ಮ ಪಾತ್ರೆ ತೊಳೆದುಕೊಳ್ಳಿ ಎಂದು ಈ ಟ್ರೇಲರ್ ಮನೆಗಳ ಪಾರ್ಕಿನ ಮಾಲೀಕ ಹೇಳಿಕಳಿಸಿದಾಗಲೂ ನೀನು ಬಾಟಲಿ ತುಂಬಿಸುವುದನ್ನು ಬಿಡಲಿಲ್ಲ.

ಫೆಬ್ರವರಿ ಹದಿನೈದಕ್ಕೆ ಸಭೆ. ನಾನು ಕ್ಷೌರ ಮಾಡಿಸಿಕೊಂಡೆ, ಅಳಿಯನ ಟೈ ಕಟ್ಟಿಕೊಂಡೆ. ಮಾಂಸದ ಕಾರ್ಖಾನೆಯಲ್ಲಿ ರಜೆ ಕೇಳಿದಾಗ ಸೂಪರ್‌ವೈಸರು, "ಏನಪ್ಪಾ, ಇನ್ಮೇಲೆ ನಿನ್ನನ್ನ ಸರ್ ಅನ್ನಬೇಕಾ?" ಎಂದ. ನಾನು ನಕ್ಕೆ, ಆದರೆ ಒಳಗೊಳಗೇ ಬೀಗಿದೆ, ಸುಳ್ಳೇಕೆ ಹೇಳಲಿ. ಹೊರಡುವ ಬೆಳಿಗ್ಗೆ ಪಾರ್ಕಿನ ಹೆಂಗಸರೆಲ್ಲ ನನ್ನ ಗಾಡಿಯ ಹತ್ತಿರ ಬಂದಿದ್ದರು. ದೊನ್ಯಾ ಎರ್ಲಿಂದಾ, ಆ ನಾಲ್ಕನೇ ನಂಬರಿನ ಮುದುಕಿ, ಊರುಗೋಲು ಹಿಡಿದು ಬಂದು ನಿನ್ನ ಬಾಟಲಿಯನ್ನು ನೀನು ಹೂವು ಹೊಲಿದ ಅಡಿಗೆ ಬಟ್ಟೆಯಲ್ಲಿ ತಾನೇ ಸುತ್ತಿಕೊಟ್ಟಳು. "ಮೇಜಿನ ಮೇಲೆ ಇಡು. ಮಾತು ಬರದಿದ್ರೂ ಪರವಾಗಿಲ್ಲ, ಇದನ್ನ ಇಟ್ರೆ ಸಾಕು" ಎಂದಳು.

ಅಷ್ಟು ಮಾಡಿದ್ದರೆ ಸಾಕಿತ್ತು, ತಿಲಾ. ಬಾಯಿ ಬಿಡದಿದ್ದರೂ ಸಾಕಿತ್ತು.

ಅದು ಎಂಥಾ ಕೋಣೆ ಗೊತ್ತಾ, ಮುಖ ಕಾಣುವಂಥ ಮೇಜು. ಹನ್ನೆರಡು ಜನ ನಾವು. ಒಬ್ಬಳು ಡಾಕ್ಟರು, ಇಬ್ಬರು ವಕೀಲರು, ಒಬ್ಬ ಮೂರು ಹೋಟೆಲುಗಳ ಯಜಮಾನ, ಒಬ್ಬ ಪಾದ್ರಿ. ಎಲ್ಲರೂ ನಮ್ಮ ಭಾಷೆಯವರೇ, ಆದರೆ ಅವರ ಉಗುರಿನಲ್ಲಿ ಏನೂ ಇರಲಿಲ್ಲ. ಪ್ರತಿಯೊಬ್ಬರ ಮುಂದೆ ಒಂದು ಲೋಟ ನೀರು, ಅದರೊಳಗೆ ತೆಳ್ಳಗೆ ಹೆಚ್ಚಿದ ನಿಂಬೆಯ ಬಿಲ್ಲೆ. ಆ ನೀರು ಇದೆಯೋ ಇಲ್ಲವೋ ಎನ್ನುವಷ್ಟು ತಿಳಿಯಾಗಿತ್ತು. ನನ್ನ ಚೀಲ ಕಾಲಸಂದಿಯಲ್ಲಿ, ಬಾಟಲಿ ನನ್ನ ಬೂಟಿಗೆ ತಾಗುತ್ತಿತ್ತು. ಗವರ್ನರು ಬಂದು ಎಲ್ಲರ ಕೈಕುಲುಕಿ, ಫೋಟೊ ತೆಗೆಸಿಕೊಂಡು, ಮೇಜಿನ ತುದಿಯಲ್ಲಿ ಕೂತರು. ಮೊದಲ ತೀರ್ಮಾನ ಏನೆಂದರೆ, ಮಂಡಳಿಯ ಎಲ್ಲ ಕಾಗದಪತ್ರಗಳೂ ಇನ್ನು ಮೇಲೆ ನಮ್ಮ ಭಾಷೆಯಲ್ಲೂ ಅಚ್ಚಾಗಬೇಕು, ಊರೂರಿನ ಚರ್ಚಿಗೂ ಬಟ್ಟೆ ಒಗೆಯುವ ಕೋಣೆಗಳಿಗೂ ಹೋಗಬೇಕು ಎಂದು. ಅದಕ್ಕೆ ನಾನು ಎಲ್ಲರಿಗಿಂತ ಮೊದಲು ಕೈ ಎತ್ತಿದೆ.

ಆಮೇಲೆ ಅಧ್ಯಕ್ಷೆ ಕಾರ್ಮೋನಾ ಅವರು ಮುಂದಿದ್ದ ಹಾಳೆಯನ್ನೊಮ್ಮೆ ನೋಡಿ, ನನ್ನನ್ನು ನೋಡಿ, "ಮಿಲ್‌ಬ್ರೂಕ್ ಕಡೆ ಮನೆಗಳು ಹೇಗಿವೆ? ನೀರು ಗೀರು ಸರಿಯಾಗಿ ಬರುತ್ತಾ?" ಎಂದು ಕೇಳಿದರು. ಬಾಯಿಗೆ ತುತ್ತು ಇಟ್ಟ ಹಾಗೆ ಕೇಳಿದರು. ನಾನು ಬಗ್ಗಿ ಬಾಟಲಿಗೆ ಕೈ ಹಾಕಿದೆ. ಬಟ್ಟೆ ಕೈಗೆ ಸಿಕ್ಕಿತು. ಆ ನಿಂಬೆ ಬಿಲ್ಲೆಯ ಪಕ್ಕದಲ್ಲಿ ಚಹದ ಬಣ್ಣದ ಆ ನೀರನ್ನು ಇಟ್ಟರೆ, ಓಹೋ, ಇವರು ಇದನ್ನು ಕುಡಿಯುವ ಜನ, ಇದರಲ್ಲಿ ಮಗುವಿಗೆ ಸ್ನಾನ ಮಾಡಿಸುವ ಜನ ಎಂದು ಆ ಹನ್ನೊಂದು ಮಂದಿಗೂ ಗೊತ್ತಾಗಿಬಿಡುತ್ತದೆ ಅನಿಸಿತು. ನಾಚಿಕೆಯಾಗಬೇಕಾದ್ದು ಪಾರ್ಕಿನ ಮಾಲೀಕನಿಗೆ. ಆದದ್ದು ನನಗೆ. ಕೈ ಹಿಂದಕ್ಕೆ ತೆಗೆದುಕೊಂಡು, "ಅಂಥಾ ತೊಂದರೆ ಏನಿಲ್ಲ ಮೇಡಂ, ನಮ್ಮೋರು ಹೊಂದ್ಕೊಂಡು ಹೋಗ್ತಾರೆ" ಎಂದೆ. ಅಷ್ಟೇ ಅಲ್ಲ, ನಮ್ಮ ಬೇಸ್‌ಬಾಲ್ ತಂಡದ ಬಗ್ಗೆ ಐದು ನಿಮಿಷ ಮಾತಾಡಿದೆ. ಗವರ್ನರು ತಲೆಯಾಡಿಸಿದರು. ಕಾರ್ಮೋನಾ ಅವರು ಮತ್ತೊಮ್ಮೆ ಹಾಳೆ ನೋಡಿ, ಏನೋ ಹೇಳಲು ಹೋಗಿ, ಸುಮ್ಮನೆ ಬರೆದುಕೊಂಡರು.

ವಾಪಸು ಬಂದಾಗ ಹೆಂಗಸರು ಕಾಯುತ್ತಿದ್ದರು. "ತೋರಿಸ್ದಾ? ಏನಂದ್ರು?" ಎಂದು ಮುತ್ತಿಕೊಂಡರು. ನಾನು ತೋರಿಸಿದೆ ಎಂದೆ. ಬಾಟಲಿ ಎಲ್ಲಿ ಎಂದರು. ಗವರ್ನರೇ ಇಟ್ಟುಕೊಂಡರು ಎಂದೆ. ಈ ಸುಳ್ಳು ಎಲ್ಲಿಂದ ಬಂತೋ, ಅಷ್ಟು ಸಲೀಸಾಗಿ ಬಂತು. ಅವತ್ತು ಸಂಜೆ ಯಾರೋ ಒಣಮೆಣಸಿನಕಾಯಿ ಅರೆದ ಮೋಲೆ ಸಾರು ಕೊಟ್ಟರು, ಯಾರೋ ಅನ್ನ ಕೊಟ್ಟರು. ನನ್ನ ಮತ್ತು ಗವರ್ನರ ಫೋಟೊವನ್ನು ಬಟ್ಟೆ ಒಗೆಯುವ ಕೋಣೆಯಲ್ಲಿ ಸೋಪಿನ ಪೆಟ್ಟಿಗೆಯ ಮೇಲೆ ಅಂಟಿಸಿದರು. ಒಂದು ತಿಂಗಳು ನಾನು ಆ ಕೋಣೆಗೆ ಬಟ್ಟೆ ಒಯ್ಯಲಿಲ್ಲ, ಸಿಂಕಿನಲ್ಲೇ ಒಗೆದುಕೊಂಡೆ. ಬಿಳಿ ಅಂಗಿಗಳೆಲ್ಲ ಕಂದು ಬಣ್ಣಕ್ಕೆ ತಿರುಗಿವೆ, ಬಂದಾಗ ನೋಡುತ್ತೀ.

ಈ ತಿಂಗಳ ಹದಿನಾರು, ಶನಿವಾರ, ಸಭೆಯ ನಡಾವಳಿ ಅಚ್ಚಾಗಿ ಬಂತು. ನಾನೇ ಕೈ ಎತ್ತಿದ್ದೆನಲ್ಲ, ನಮ್ಮ ಭಾಷೆಯಲ್ಲೇ ಬಂತು. ಒಂದು ಪ್ರತಿ ಚರ್ಚಿಗೆ, ಒಂದು ಬಟ್ಟೆ ಒಗೆಯುವ ಕೋಣೆಗೆ. ಯೆಸೇನಿಯಾ ಓಡಿ ಬಂದು, "ಅಪ್ಪಾ, ಅಲ್ಲಿ ಕರೀತಿದ್ದಾರೆ" ಎಂದಳು, ಮುಖ ನೋಡದೆ. ಹೋದೆ. ಹತ್ತು ಹನ್ನೆರಡು ಹೆಂಗಸರು. ಎರ್ಲಿಂದಾಳ ಸೊಸೆ ಗಟ್ಟಿಯಾಗಿ ಓದಿದಳು. "ಮಿಲ್‌ಬ್ರೂಕ್‌ನ ಸದಸ್ಯರು ತಮ್ಮ ಭಾಗದಲ್ಲಿ ವಸತಿ ಮತ್ತು ನೀರಿನ ಬಗ್ಗೆ ತೊಂದರೆ ಇಲ್ಲವೆಂದು ತಿಳಿಸಿದರು. ಆದ್ದರಿಂದ ಈ ವರ್ಷ ತಪಾಸಣೆ ನಡೆಯಬೇಕಾದ ಊರುಗಳ ಪಟ್ಟಿಯಿಂದ ಮಿಲ್‌ಬ್ರೂಕ್ ಅನ್ನು ಕೈಬಿಡಲಾಯಿತು." ಕೇಳಿದೆಯಾ ತಿಲಾ, ನಾವು ಪಟ್ಟಿಯಲ್ಲಿದ್ದೆವು. ತೆಗೆಸಿದವನು ನಾನು.

ಗಾಡಿಗೆ ಹೋಗಿ, ಸೀಟಿನ ಕೆಳಗಿಂದ ಬಾಟಲಿಯನ್ನು ತಂದು, ಬಟ್ಟೆ ಬಿಚ್ಚಿ, ತಿರುಗುತ್ತಿದ್ದ ಒಂದು ಯಂತ್ರದ ಮೇಲೆ ಇಟ್ಟೆ. ಯಂತ್ರ ನಡುಗುತ್ತಿತ್ತು, ಬಾಟಲಿ ಟಕಟಕ ಅನ್ನುತ್ತಿತ್ತು. ಕೊನೆಗೆ ಎರ್ಲಿಂದಾ, "ಗವರ್ನರ್ ಬಂಗ್ಲೆ ನಿನ್ನ ಗಾಡಿ ಸೀಟಿನ ಕೆಳಗಿದೆ ಅಂತ ನಮಗೆ ಗೊತ್ತಿರಲಿಲ್ಲ ಕಣಯ್ಯಾ ಫಿದೆನ್ಸಿಯೊ" ಎಂದಳು. ಯಾರೂ ನಗಲಿಲ್ಲ. ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆದರೆ ಅವಳು ಬಾಟಲಿಯ ಚೀಟಿಯಲ್ಲಿದ್ದ ನಿನ್ನ ಅಕ್ಷರವನ್ನು ಹೆಬ್ಬೆರಳಿನಿಂದ ಒರೆಸಿ, "ತಿಲಾ ಆಗಿದ್ರೆ ಮೇಜಿನ ಮೇಲೆ ಇಡ್ತಿದ್ಲು. ಮುಚ್ಚಳನೂ ತೆಗೀತಿದ್ಲು" ಎಂದಳು. ನೆಲ ಬಾಯಿಬಿಟ್ಟು ನುಂಗಬಾರದೆ ಎನಿಸಿತು.

ಸೋಮವಾರ ಕಾರ್ಖಾನೆಯ ಊಟದ ಹೊತ್ತಿನಲ್ಲಿ ಕಾರ್ಮೋನಾ ಅವರಿಗೆ ಫೋನು ಮಾಡಿ, ನಾನು ಸುಳ್ಳು ಹೇಳಿದೆ ಎಂದು ಹೇಳಿದೆ. ಅವರು, ಏಪ್ರಿಲ್ ಹತ್ತೊಂಬತ್ತಕ್ಕೆ ಮುಂದಿನ ಸಭೆ, ಅಲ್ಲಿ ಬಂದು ಬಾಯಿಬಿಟ್ಟು ಹೇಳಿದರೆ ಮಾತ್ರ ಊರನ್ನು ಮತ್ತೆ ಪಟ್ಟಿಗೆ ಸೇರಿಸಬಹುದು ಎಂದರು. ಇವತ್ತು ಪೂಜೆಯಲ್ಲಿ ಎಲ್ಲರ ಕೈಯಲ್ಲೂ ಗರಿ, ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಪಕ್ಕದಲ್ಲಿ ಯಾರೂ ಕೂರಲಿಲ್ಲ. ಇತ್ಸೆಲ್ ಮಾತ್ರ ಅಮ್ಮನ ಹೆಗಲ ಮೇಲಿಂದ ನನ್ನನ್ನು ನೋಡಿ ನಗುತ್ತಿದ್ದಳು, ಮೊಣಕೈ ಕೆರೆದುಕೊಳ್ಳುತ್ತಾ.

ಅತ್ತೆಗೆ ನನ್ನ ನಮಸ್ಕಾರ ಹೇಳು, ಅವರ ಆಶೀರ್ವಾದ ಕೇಳಿದೆನೆಂದೂ ಹೇಳು, ಯಾಕೆಂದು ಹೇಳಬೇಡ. ನಿನ್ನಕ್ಕನಿಗೆ ಈ ಕಾಗದ ಓದಿ ಹೇಳಬೇಡ. ದೇವರು ನಿಮ್ಮೆಲ್ಲರನ್ನೂ ಚೆನ್ನಾಗಿಟ್ಟಿರಲಿ. ನನ್ನ ತಪ್ಪನ್ನು ಹೊಟ್ಟೆಗೆ ಹಾಕಿಕೋ ಎಂದು ಕೇಳುವ ಮುಖ ಇಲ್ಲ, ಆದರೂ ಕೇಳುತ್ತಿದ್ದೇನೆ.

ನಿನ್ನ ಮುದುಕ,
ಫಿದೆನ್ಸಿಯೊ

ಮರೆತದ್ದಲ್ಲ, ಬರೆಯಲಾಗದೆ ಬಿಟ್ಟದ್ದು: ಲಕೋಟೆ ಅಂಟಿಸಿ ಮತ್ತೆ ಹರಿದಿದ್ದೇನೆ, ಹೊರಗೆ ನಿಕಾನೋರ್ ಹಾರ್ನ್ ಹೊಡೆಯುತ್ತಿದ್ದಾನೆ. ಮಂಡಳಿಗೆ ಬಾ ಎಂಬ ಕರೆ ನನಗೆ ಬಂದದ್ದಲ್ಲ, ತಿಲಾ. ನವೆಂಬರಿನಲ್ಲಿ ಗವರ್ನರ ಕಡೆಯವರು ಚರ್ಚಿಗೆ ಬಂದಾಗ ಎದ್ದು ನಿಂತು ನೀರಿನ ಬಗ್ಗೆ ಹೇಳಿದವಳು ನೀನೊಬ್ಬಳೇ. ಅವರು ಅದನ್ನು ಬರೆದುಕೊಂಡಿದ್ದರು. ಕಾರ್ಮೋನಾ ಅವರ ಮುಂದಿದ್ದ ಹಾಳೆ ಅದೇ. ನೀನು ಹೊರಟ ಮರುವಾರ ನಿನ್ನ ಹೆಸರಿಗೆ ಕಾಗದ ಬಂತು. ನಾನು ಒಡೆದು ಓದಿ, ಅವಳು ವರ್ಷವಿಡೀ ಬರುವುದಿಲ್ಲ, ಗಂಡ ನಾನಿದ್ದೇನೆ ಎಂದು ಫೋನು ಮಾಡಿದೆ. ಇದು ಎರ್ಲಿಂದಾಳಿಗೂ ಗೊತ್ತಿಲ್ಲ. ಸೋಮವಾರ ಕಾರ್ಮೋನಾ ಅವರಿಗೆ ಇದನ್ನೂ ಹೇಳಿದ್ದೇನೆ. ನಿನ್ನ ಕುರ್ಚಿ ನಿನಗೇ ಇದೆಯಂತೆ. ಆ ಕಾಗದವನ್ನು ಕಾಲುಚೀಲದೊಳಗೆ ಮಡಿಚಿಟ್ಟಿದ್ದೇನೆ. ಅತ್ತೆಯನ್ನು ಬಿಟ್ಟು ಬರಲಾಗದಿದ್ದರೆ ಬರಬೇಡ, ನಾನೇ ಹೋಗಿ ನನ್ನ ಬಾಯಿಂದಲೇ ಹೇಳುತ್ತೇನೆ. ಕಿಟಕಿಯಲ್ಲಿ ಫೆಬ್ರವರಿಯ ಜಾಗ ಖಾಲಿಯಿದೆ, ಆ ಒಂದನೇ ತಾರೀಖು ನಾನು ಟೈ ಗಂಟು ಕಲಿಯುತ್ತಿದ್ದೆ. ಮಾರ್ಚಿನದನ್ನು ತಡವಾಗಿ ಇವತ್ತು ತುಂಬಿಸಿದ್ದೇನೆ. ತಾರೀಖು ಸುಳ್ಳು ಬರೆದಿಲ್ಲ, ಇಪ್ಪತ್ತನಾಲ್ಕು ಎಂದೇ ಬರೆದಿದ್ದೇನೆ.